ಹಗೇವಿನ ಬಾಯಲ್ಲಿ ನಿಂತು ಹೇಳಿದ ರೇಟು

ಮಧುಗಿರಿ ಸುತ್ತಮುತ್ತಲ ಮನೆಗಳಿಗೆ ಟೈಲ್ಸ್ ಹಾಕಿಸುವ ಕಂಟ್ರಾಕ್ಟು ನನ್ನದು. ಊರಿಗೊಂದು ರೇಟು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಪುರವರದ ಹತ್ತಿರ ಒಬ್ಬ ಅಜ್ಜಿ ಕೇಳಿದ್ದನ್ನು ಮಾತ್ರ ಈಗಲೂ ಮರೆತಿಲ್ಲ.

ಅವರದು ಹಳೇ ಚಪ್ಪಡಿ ನೆಲ. ಅಜ್ಜಿ ಹೊಸ್ತಿಲ ಪಕ್ಕ ಕೂತು ಚೌಕಾಸಿ ಶುರುಮಾಡಿದರು. "ಸಿರಾದಾಗೆ ನನ್ ಮಗಳ ಮನೆಗೆ ಕಮ್ಮಿಗೇ ಹಾಕವ್ರೆ. ನಿಂದ್ಯಾಕಪ್ಪ ಜಾಸ್ತಿ?"

"ಅಲ್ಲಿ ಬರೀ ಸಿಮೆಂಟ್ ನೆಲ ಅಜ್ಜಿ. ಇಲ್ಲಿ ಚಪ್ಪಡಿಯೆಲ್ಲ ಕೀಳಬೇಕು, ಅದರ ಕೂಲಿ ಬೇರೆ."

ಅವರು ನಂಬಲಿಲ್ಲ. ಕಷ್ಟ ತೋರಿಸೋಣ ಅಂತ ನಡುಮನೆಯಲ್ಲಿ ನಿಂತು ಪಕ್ಕದ ಚಪ್ಪಡಿಯ ಸಂದಿಗೆ ಹಾರೆ ಹಾಕಿ ಮೀಟಿದೆ. ಹಾರೆ ಕೈಜಾರಿ ಒಳಗೆ ಹೋಯಿತು. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಎಲ್ಲೋ ಆಳದಲ್ಲಿ ಠಣ್ ಅಂತು. ಮುಗ್ಗಲು ವಾಸನೆ ಮೇಲೆ ಬಂತು, ನಾನು ನಿಂತಿದ್ದ ಕಲ್ಲು ಅಲುಗಿತು.

"ಅಲ್ಲಾಡ್ಬ್ಯಾಡ ಕಣಪ್ಪ," ಅಂದರು ಅಜ್ಜಿ. "ನೀನ್ ನಿಂತಿರಾದು ಹಗೇವಿನ ಬಾಯ್ ಮ್ಯಾಲೆ. ನಮ್ಮಾವನ ಕಾಲ್ದಾಗೆ ರಾಗಿ ತುಂಬ್ತಿದ್ದ ಗುಂಡಿ. ಒಳಗ್ ಬಿದ್ರೆ ಉಸಿರೇ ಕಟ್ತದೆ."

ಜೋರಾಗಿ ಮಾತಾಡಿದರೂ ಕಲ್ಲು ಕುಸಿದೀತು ಅನ್ನಿಸಿ, "ಯಾರನ್ನಾದರೂ ಕರೀರಿ ಅಜ್ಜಿ" ಅಂತ ಪಿಸುಗುಟ್ಟಿದೆ.

ಅವರು ಕೂತಲ್ಲಿಂದ ಏಳಲಿಲ್ಲ.

"ಸೊಸೆ ಹಿತ್ಲಾಗವ್ಳೆ, ಹಲಗೆ ತತ್ತಾಳೆ. ಕರೀತೀನಿ ಇರು. ಮೊದ್ಲು ಹೇಳು, ಸಿರಾ ರೇಟೋ, ಮಧುಗಿರಿ ರೇಟೋ?"

ಸಿರಾ ರೇಟೇ ಅಂದೆ. ಸೊಸೆ ಹಲಗೆ ಚಾಚುವಷ್ಟರಲ್ಲಿ ಹಗೇವು ಮುಚ್ಚುವ ಕೂಲಿಯೂ ಅದರಲ್ಲೇ ಸೇರಿಹೋಗಿತ್ತು.