ಕಂಬಳಿ ಹಾಸಿದ ನರ್ಸಬಾಯಿ

ನಮ್ಮ ನರ್ಸಬಾಯಿಯ ಬಿಳಿ ಬೂಟುಗಳ ಹಿಂಭಾಗ ಯಾವಾಗಲೂ ತುಳಿದು ಚಪ್ಪಟೆಯಾಗಿರುತ್ತಿತ್ತು. ರೋಗಿಯ ಹತ್ತಿರ ಬಂದರೆ ಸಾಕು, ಬೂಟು ಕಳಚಿ ಮಂಚದ ತುದಿಗೋ ನೆಲಕ್ಕೋ ಕೂತುಬಿಡುವ ಚಾಳಿ ಅವರದು. ದಿನಕ್ಕೆ ನಲವತ್ತು ಸಲ ಬಿಚ್ಚುವ ಬೂಟಿಗೆ ಲಾಡಿ ಯಾರು ಕಟ್ಟುತ್ತಾರೆ? "ನಿಂತು ಕೇಳಿದ್ರ ಯಾರೂ ಖರೇ ಹೇಳೂದಿಲ್ಲ ತಂಗಿ," ಎನ್ನುತ್ತಿದ್ದರು. ಡಾಕ್ಟರರ ಮುಂದೆ ಎದೆನೋವು ಇಲ್ಲವೇ ಇಲ್ಲವೆಂದ ಹೆಂಗಸರು ಇವರ ಮುಂದೆ ಮನೆಯ ಜಗಳದಿಂದ ಹಿಡಿದು ಎಲ್ಲವನ್ನೂ ಹೇಳುತ್ತಿದ್ದರು.

ಅವರು ಮಿರಜಿನ ಹತ್ತಿರದ ಗಡಿಹಳ್ಳಿ ಲಿಂಗನೂರಿನವರು. ಡಾಕ್ಟರರ ಜೊತೆ ಮರಾಠಿ, ಸಲಗರೆ ಕಡೆಯ ರೋಗಿಗಳ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಮಿರಜಿನ ಆ ಸಣ್ಣ ದವಾಖಾನೆಯಲ್ಲಿ ನಾನು ಕೇಸ್‌ಪೇಪರ್ ಬರೆಯುವವಳು. ಅವರ ಡಬ್ಬಿಯ ಅರ್ಧ ರೊಟ್ಟಿ ನನ್ನ ಹೊಟ್ಟೆಗೇ ಹೋಗುತ್ತಿತ್ತು.

ಆಮೇಲೆ ನಮ್ಮ ದವಾಖಾನೆಯನ್ನು ಸಾಂಗಲಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ವಿಲೀನ ಮಾಡಿದರು. ವಾರ್ಡಿಗೊಂದು ಕ್ಯಾಮೆರಾ ಬಂತು. ನನ್ನನ್ನು ಸಾಂಗಲಿಗೆ ಒಯ್ದು ಆ ಕ್ಯಾಮೆರಾಗಳ ಪರದೆಯ ಮುಂದೆ ಕೂರಿಸಿದರು. ಮೊದಲ ವಾರದಲ್ಲೇ ಮಿರಜಿನ ನಮ್ಮ ಮಂದಿ ಹೇಗೆ ಬದಲಾದರು ನೋಡಬೇಕಿತ್ತು! ಆಯಾ ಒರೆಸಿದ ನೆಲವನ್ನೇ ಮತ್ತೆ ಒರೆಸಿದಳು. ಕಾಂಪೌಂಡರ್ ಖಾಲಿ ಫೈಲು ಹಿಡಿದು ಅವಸರವಸರವಾಗಿ ಓಡಾಡಿದ. ಒಬ್ಬರಿಗೊಬ್ಬರು ಚೇಷ್ಟೆ ಮಾಡುವುದು ನಿಂತೇಹೋಯಿತು. ಹೆಣ್ಣು ರೋಗಿಗಳು ಮುಖದ ಮೇಲೆ ಸೆರಗೆಳೆದುಕೊಂಡು ಮಲಗತೊಡಗಿದರು. ನರ್ಸಬಾಯಿ ಮಾತ್ರ ನನಗೆ ಫೋನು ಮಾಡಿ, ಪರದೆಯಲ್ಲಿ ತಾವು ದಪ್ಪ ಕಾಣುತ್ತೇವೇನು ಎಂದು ವಿಚಾರಿಸಿಕೊಂಡರು.

ಸಲಗರೆಯ ಕುರಿಗಾರ ಅಜ್ಜ ಭರ್ತಿಯಾದದ್ದು ಆಗಲೇ. ಎದೆಯ ರೋಗ, ಉಳಿಯುವ ಲಕ್ಷಣವಿರಲಿಲ್ಲ. ಜನ್ಮವೆಲ್ಲ ಕುರಿಗಳ ಬಗಲಲ್ಲಿ ನೆಲಕ್ಕೆ ಮಲಗಿದವನಿಗೆ ಮಂಚದ ಮೇಲೆ ನಿದ್ದೆ ಹೇಗೆ ಬರಬೇಕು? ಬಿದ್ದೇನೆಂಬ ಭಯಕ್ಕೆ ಮಂಚದ ಕಂಬಿ ಹಿಡಿದು ನಾಲ್ಕು ದಿನ ಕಣ್ಣು ಮುಚ್ಚಿರಲಿಲ್ಲ. ಒಂದು ಮಧ್ಯಾಹ್ನ ನರ್ಸಬಾಯಿ ಅವನದೇ ಕರಿಕಂಬಳಿಯನ್ನು ನೆಲಕ್ಕೆ ಹಾಸಿ, ಮಲಗಿಸಿ, ಪಕ್ಕದಲ್ಲಿ ಕೂತರು.

ರೋಗಿ ನೆಲದ ಮೇಲೆ ಕಂಡರೆ ತಕ್ಷಣ ವಾರ್ಡಿನ ಗಂಟೆಯ ಬಟನ್ ಒತ್ತಬೇಕು, 'ಬಿದ್ದಿದ್ದಾರೆ' ಎಂದು ವರದಿ ಬರೆಯಬೇಕು. ಅದು ನಮಗೆ ಕೊಟ್ಟ ನಿಯಮ. ಕಂಬಳಿ ಕಂಡ ಮೇಲೂ ವಿಷಯ ತಿಳಿಯದಷ್ಟು ನಾನೇನು ಹೊರಗಿನವಳಲ್ಲ. ಆದರೂ ಒತ್ತಿದೆ, ಬರೆದೆ. ನನ್ನ ಕುರ್ಚಿಯ ಹಿಂದೆಯೂ ಒಂದು ಕ್ಯಾಮೆರಾ ಇತ್ತು. ಅಲ್ಲಿಯ ಇಬ್ಬರು ವಾರ್ಡ್‌ಬಾಯ್‌ಗಳು ಓಡಿಬಂದು ಅಜ್ಜನನ್ನು ಎತ್ತಿ ಮಂಚಕ್ಕೆ ಹಾಕಿದರು. ಅವನು ಮತ್ತೆ ಕಂಬಿ ಹಿಡಿದದ್ದನ್ನು ಪರದೆಯ ಮೇಲೆ ನೋಡಿದೆ. ಥೂ ನನ್ನ ಜನ್ಮಕ್ಕೆ ಅನ್ನಿಸಿತು.

ಮರುದಿನ ಬೆಳಿಗ್ಗೆ ನರ್ಸಬಾಯಿಯನ್ನು ಸಾಂಗಲಿಗೆ ಕರೆಸಿದರು. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಇನ್ನೊಮ್ಮೆ ಹೀಗಾದರೆ ವಾರ್ಡಿನಿಂದಲೇ ತೆಗೆಯುತ್ತೇವೆಂದು ಹೇಳಿ ಕಳಿಸಿದರು. ನರ್ಸಬಾಯಿ ಹೊರಗೆ ಚಹದಂಗಡಿಯಲ್ಲಿ ನನ್ನನ್ನು ಹಿಡಿದರು.

"ಪರದೆ ಮುಂದ ನೀನ ಇದ್ದೇನ?"

"ಹೂಂ ರಿ."

"ಕಂಬಳಿ ಕಾಣಲಿಲ್ಲೇನ?"

"ಕಾಣಿಸ್ತ್ರಿ. ನನ್ನ ಬೆನ್ನ ಹಿಂದೂ ಒಂದ ಕ್ಯಾಮೆರಾ ಐತ್ರಿ."

ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ನನ್ನ ಬೆನ್ನ ಮೇಲೆ ಕೈಯಾಡಿಸಿ, ಚಹ ಆರುತ್ತದೆ ಕುಡಿ ಎಂದು ಹೇಳಿ ಮಿರಜಿನ ಬಸ್ಸು ಹತ್ತಿದರು. ಬೈದಿದ್ದರೆ ಚೆನ್ನಾಗಿತ್ತು.

ಅದೇ ಮಧ್ಯಾಹ್ನ ಪರದೆಯ ಮೇಲೆ ನೋಡುತ್ತೇನೆ, ಕಂಬಳಿ ಮತ್ತೆ ನೆಲಕ್ಕಿಳಿದಿದೆ, ಅಜ್ಜ ಅದರ ಮೇಲಿದ್ದಾನೆ. ನರ್ಸಬಾಯಿ ಸ್ಟೂಲು ಹತ್ತಿ, ಒಂದು ಹಾಳೆಯನ್ನು ಕ್ಯಾಮೆರಾದ ಮುಂದೆ ಹಿಡಿದಿದ್ದಾರೆ. ದಪ್ಪ ದಪ್ಪ ಕನ್ನಡ ಅಕ್ಷರ: 'ಅಜ್ಜ ಬಿದ್ದಿಲ್ಲ. ಮಲಗ್ಯಾನ.' ನಮ್ಮ ಕೋಣೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ.

ಬಟನ್ ಒತ್ತಲಿಲ್ಲ. ಹಿಂದೆ ಬಂದು ನಿಂತ ನಮ್ಮ ಮೇಲಿನ ಸಾಹೇಬರು ಅದೇನು ಬರೆದಿದ್ದಾರೆಂದು ಮರಾಠಿಯಲ್ಲಿ ಕೇಳಿದರು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಇದ್ದದ್ದನ್ನೇ ಹೇಳಿದೆ. ಹಾಗಾದರೆ ರೋಗಿ ಬಿದ್ದಿಲ್ಲವೆಂದು ನಿನ್ನ ಹೆಸರು ಹಾಕಿ ಬರೆದುಕೊಡು ಎಂದರು. ಬರೆದುಕೊಟ್ಟೆ.

ಅಜ್ಜ ಎರಡು ದಿನ ಗೊರಕೆ ಹೊಡೆದು ನಿದ್ದೆ ಮಾಡಿದ. ಮೂರನೆಯ ದಿನ ನರ್ಸಬಾಯಿಯ ಕೈ ಹಿಡಿದುಕೊಂಡೇ ಹೋದ. ನನಗೊಂದು ತಾಕೀತಿನ ಪತ್ರ ಬಂತು. ಅವರನ್ನು ಔಷಧದ ಉಗ್ರಾಣಕ್ಕೆ ಹಾಕಿದರು, ಮಾತಾಡಿಸಲು ಒಬ್ಬ ರೋಗಿಯೂ ಇಲ್ಲದ ಜಾಗ. ನನ್ನಿಂದಲೇ ಇದೆಲ್ಲ ಆಯಿತೆಂದು ಫೋನಿನಲ್ಲಿ ಅತ್ತೆ.

"ಅವಾ ಎರಡ ದಿನ ನಿದ್ದಿ ಮಾಡಿದ್ನಲ್ಲ, ನನಗ ಅಷ್ಟ ಸಾಕು," ಎಂದರು.

ನಿವೃತ್ತರಾದ ಮರುವರ್ಷ ಅವರು ಲಿಂಗನೂರಿನಲ್ಲಿ ತೀರಿಕೊಂಡರು. ನಾನು ಇನ್ನೂ ಅದೇ ಕುರ್ಚಿಯಲ್ಲಿದ್ದೇನೆ, ಬೆನ್ನ ಹಿಂದಿನ ಕ್ಯಾಮೆರಾವೂ ಇದೆ. ಆದರೆ ನೆಲದ ಮೇಲೆ ಯಾರಾದರೂ ಕಂಡರೆ ನನ್ನ ಕೈ ಮೊದಲು ಹೋಗುವುದು ಫೋನಿಗೆ. ವಾರ್ಡಿಗೆ ಹಚ್ಚಿ ಕೇಳುತ್ತೇನೆ: ಬಿದ್ದಾರೋ, ಮಲಗ್ಯಾರೋ?