ಇಲ್ಲ ಅಂದ ಮೇಲೆ ಎದ್ದ ಮಷೀನು

ಎದ್ದಿತು! ತರೀಕೆರೆಯ ಸಂಘದ ಕಂಪ್ಯೂಟರು ಎದ್ದಿತು, ಎಬ್ಬಿಸಿದವಳು ನನ್ನ ಮೊಮ್ಮಗಳು. ನನ್ನ ಮಗಳ ಹಿರಿಯ ಮಗಳು, ನನ್ನ ಮಡಿಲಲ್ಲೇ ಬೆಳೆದವಳು. ಈ ಮಾತನ್ನು ಹೇಳದೆ ಬೇರೇನನ್ನೂ ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಅವತ್ತು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ಹೇಳಿದೆ, ಕಡಲೆಕಾಯಿ ಮಾರುವವನಿಗೂ ಹೇಳಿದೆ. "ಬಿದ್ದೋಗಿತ್ತೇನಜ್ಜೀ?" ಎಂದು ಕೇಳಿದ. "ಬಿದ್ದಿರ್ಲಿಲ್ಲ ಕಣಪ್ಪಾ, ಎದ್ದೇ ಇರ್ಲಿಲ್ಲ" ಎಂದೆ. ಪಾಪ, ಒಂದು ಹಿಡಿ ಕಡಲೆಕಾಯಿ ಹೆಚ್ಚಾಗಿ ಹಾಕಿದ. ಮುದುಕಿಗೆ ತಲೆ ಕೆಟ್ಟಿದೆ ಎಂಬ ಕನಿಕರಕ್ಕೇ ಇರಬೇಕು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಓದಿದ್ದು ಮೂರನೇ ಕ್ಲಾಸು. ಕಂಪ್ಯೂಟರಿನ ಕರ್ನಲ್ಲು ಎಂದರೇನು ಎಂಬುದನ್ನು ನನ್ನಂಥವಳಿಂದ ತಿಳಿದುಕೊಳ್ಳುವ ದುರ್ಗತಿ ಓದುವವರಿಗೆ ಬಂದಿದೆ. ಸಹಿಸಿಕೊಳ್ಳಬೇಕು.

ಮೊಮ್ಮಗಳು ಇಂಜಿನಿಯರಿಂಗ್ ಓದಿದ್ದಳು. ಕಂಪ್ಯೂಟರ್ ಮಾರುವ ಕಂಪನಿಯೊಂದು ಅವಳನ್ನು ಬಹಳ ಗೌರವದಿಂದ ಕೆಲಸಕ್ಕೆ ತೆಗೆದುಕೊಂಡು, ಅಷ್ಟೇ ಗೌರವದಿಂದ ಟೈಪ್ ಮಾಡುವ ಮೇಜಿನ ಮುಂದೆ ಕೂರಿಸಿತ್ತು. ಗಂಡುಹುಡುಗರು ಊರೂರಿಗೆ ಹೋಗಿ ಮಷೀನು ನಿಲ್ಲಿಸಿ ಬರುವುದು, ಅವರು ಗೀಚಿ ತಂದದ್ದನ್ನು ಇವಳು ಒಳ್ಳೆಯ ಇಂಗ್ಲಿಷಿನಲ್ಲಿ ಕುಟ್ಟುವುದು. ನನ್ನನ್ನೂ ಕಳಿಸಿ ಎಂದು ಕೇಳಿದಾಗಲೆಲ್ಲ ಅವಳ ಮ್ಯಾನೇಜರು, "ಹೆಣ್ಣುಮಕ್ಕಳು ಲಾಡ್ಜಿನಲ್ಲಿ ಉಳಿಯೋದು ಹೇಗಮ್ಮಾ?" ಎಂದು ಮರುಗುತ್ತಿದ್ದರಂತೆ. ಅಷ್ಟರಲ್ಲಿ ತರೀಕೆರೆಯ ಸಹಕಾರ ಸಂಘವೊಂದು ಮಷೀನು ಕೊಂಡಿತು. "ಅಜ್ಜಂಪುರದಲ್ಲಿ ನಮ್ಮಜ್ಜಿ ಮನೆ ಇದೆ ಸಾರ್, ಅಲ್ಲಿಂದ ಬಸ್ಸಿದೆ" ಎಂದಳು ಇವಳು. ಲಾಡ್ಜಿನ ಖರ್ಚು ಉಳಿಯುತ್ತದೆ ಎಂದು ತಿಳಿದ ಗಳಿಗೆಯಲ್ಲೇ ಆ ಮಹಾನುಭಾವರಿಗೆ ಸ್ತ್ರೀಯರ ಏಳಿಗೆಯಲ್ಲಿ ನಂಬಿಕೆ ಹುಟ್ಟಿತು.

ಆದರೂ ಒಂದು ಕೊಕ್ಕೆ ಇಟ್ಟರು. ಶನಿವಾರ ಸಂಜೆಯೊಳಗೆ ಮಷೀನು ಕೆಲಸಕ್ಕೆ ನಿಲ್ಲಬೇಕು. ನಿಲ್ಲದಿದ್ದರೆ ಸೋಮವಾರ ಹಿರಿಯ ಇಂಜಿನಿಯರು ಬರುತ್ತಾರೆ, ಇವಳು ಟೈಪಿನ ಮೇಜಿಗೆ ವಾಪಸ್ಸು, ಮತ್ತೆ ಯಾವತ್ತೂ ಹೊರಗಿನ ಕೆಲಸ ಕೇಳಬಾರದು.

ಬಂದ ದಿನವೇ ನಾನೂ ಜೊತೆಗೆ ಹೊರಟೆ. ಹೆಣ್ಣುಹುಡುಗಿ ಒಬ್ಬಳೇ ಹೋಗಬಾರದು ಎಂಬುದು ಊರಿಗೆ ಹೇಳಿದ ಕಾರಣ. ನಿಜ ಹೇಳಬೇಕೆಂದರೆ, ಮಷೀನು ನೋಡುವ ಚಪಲ. ಸಂಘದವರು ಅದಕ್ಕಾಗಿಯೇ ಒಂದು ಕೋಣೆ ಕಟ್ಟಿಸಿ, ಗೋಡೆಗೆ ತಣ್ಣನೆ ಗಾಳಿಯ ಪೆಟ್ಟಿಗೆ ಕೂರಿಸಿದ್ದರು. ಹೊರಗೆ ರೈತರು ಬಿಸಿಲಲ್ಲಿ ನಿಂತು ಬೇಯುತ್ತಿದ್ದರು. ಒಳಗೆ ಮಷೀನು ಮದುವಣಗಿತ್ತಿಯ ಹಾಗೆ ತಂಪಾಗಿ ಕೂತಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಎರಡನೇ ದಿನದಿಂದ ಯಗಟಿಯ ಕಂಬಳಿ ಹೊದ್ದುಕೊಂಡು ಹೋದೆ. ನೆಂಟರ ಮನೆಯಲ್ಲೂ ನನಗೆ ಅಷ್ಟು ಒಳ್ಳೆಯ ಕುರ್ಚಿ ಸಿಕ್ಕಿರಲಿಲ್ಲ.

"ಕರ್ನಲ್ಲು ಕಟ್ಬೇಕು ಅಂತಿದ್ಯಲ್ಲ, ಹಂಗಂದ್ರೇನೇ?" ಎಂದು ಕೇಳಿದೆ.

"ಮನೆ ಯಜಮಾನಿ ಇದ್ದಂಗೆ ಅಜ್ಜಿ. ಎಲ್ಲರಿಗಿಂತ ಮೊದಲು ಏಳ್ತಾಳೆ. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಯಾವ ಸಾಮಾನು ಯಾರ ಕೈಗೆ, ಎಲ್ಲಾ ಅವಳದೇ. ಅವಳು ಏಳ್ದೆ ಮನೇಲಿ ಯಾರೂ ಏಳೋ ಹಂಗಿಲ್ಲ."

"ಸರಿ, ನನ್ ಹಂಗೆ. ಈಗ ಇವಳಿಗೇನಾಗೈತೆ ರೋಗ?"

"ಇದರ ಪ್ರೊಸೆಸರು ಹೊಸ ಜಾತೀದು. ಪ್ರೊಸೆಸರು ಅಂದ್ರೆ ಆ ಮನೇನೇ ಅಂತಿಟ್ಕೋ. ಟೇಪಿನಲ್ಲಿ ಬಂದಿರೋ ಯಜಮಾನಿ ಒಂದು ಪರದೆ ಮಾತ್ರ ಹಚ್ಚಿ ಸುಮ್ನಾಗ್ತಾಳೆ. ಅವಳಿಗೆ ಈ ಮನೆ ಗೊತ್ತಿಲ್ಲ. ಇಲ್ಲಿ ಏನೇನಿದೆ ಅಂತ ಒಂದೊಂದೇ ಸಾಲಿನಲ್ಲಿ ಬರೆದು ಹೊಸದಾಗಿ ಕಟ್ಬೇಕು."

ಇಷ್ಟಕ್ಕೆ ಇಂಜಿನಿಯರಿಂಗ್ ಯಾಕೆ, ಹೊಸ ಸೊಸೆಗೆ ಅಡುಗೆಮನೆ ತೋರಿಸಿದ ಯಾವ ಅತ್ತೆಯಾದರೂ ಮಾಡುತ್ತಾಳೆ ಎಂದುಕೊಂಡೆ.

ಅಡುಗೆಮನೆಯ ಮಾತು ಬಂದದ್ದರಿಂದ ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ಇವಳು ಪುಟ್ಟ ಹುಡುಗಿ, ಅಜ್ಜಂಪುರದಲ್ಲಿ ನನ್ನ ಹತ್ತಿರವೇ ಇದ್ದಳು. ಬಂದವರ ಮುಂದೆ "ಅಜ್ಜಿ, ಸಕ್ಕರೆ ಇಲ್ಲ" ಎಂದು ಕೂಗಿಬಿಡುತ್ತಿದ್ದಳು. ನಮ್ಮ ಮನೆಗಳಲ್ಲಿ ಬಾಯಿಂದ 'ಇಲ್ಲ' ಬರಬಾರದು. ಇಲ್ಲ ಅಂದ ಬಾಯಿಗೆ ಇಲ್ಲವೇ ಗತಿ ಎಂದು ನಮ್ಮತ್ತೆ ನನಗೆ ಕಲಿಸಿದ್ದರು, ನಾನು ಇವಳಿಗೆ ತಲೆ ಮೊಟಕಿ ಕಲಿಸಿದೆ. 'ಐತೆ' ಅನ್ನಬೇಕು. ಅಂದು, ಹಿತ್ತಲ ಬಾಗಿಲಿನಿಂದ ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡಬೇಕು. ಬಂದವರು ಎರಡು ಮಾತಾಡುವಷ್ಟರಲ್ಲಿ ಸಕ್ಕರೆ ಬಂದಿರುತ್ತದೆ, ಮಾನವೂ ಉಳಿದಿರುತ್ತದೆ. ಪಕ್ಕದ ಮನೆಯವರು ಹೀಗೆಯೇ ನಮ್ಮ ಮನೆಗೆ ಓಡಿಬರುತ್ತಿದ್ದರು. ಇಡೀ ಬೀದಿಯಲ್ಲಿ ಇದ್ದದ್ದು ಒಂದೇ ಬಟ್ಟಲು ಸಕ್ಕರೆ ಎಂದರೂ ತಪ್ಪಾಗದು.

ಈಗ ಸಂಘದ ಸೆಕ್ರೆಟರಿಯವರ ವಿಷಯ. ಮಷೀನಿನ ಪೆಟ್ಟಿಗೆಗಳನ್ನು ಇಳಿಸಿಕೊಂಡು, ಬಿಚ್ಚಿಸಿ, ಜೋಡಿಸಿದಾಗ ನಿಂತು ನೋಡಿದವರು ಅವರೇ. ಅರಿಶಿನ ಕುಂಕುಮ ಹಚ್ಚಿ, ಮಷೀನಿನ ಹೊಟ್ಟೆಗೆ ಕಂಕಣದ ದಾರವನ್ನೂ ಕಟ್ಟಿದ್ದರು. ಕರ್ನಲ್ಲಿಗೆ ಬರೆಯುವ ಮೊದಲು ಇವಳು ಅವರನ್ನೇ ಕೇಳಿದಳು.

"ಸಾರ್, ಲೆಕ್ಕಕ್ಕೆ ಅಂತ ಬೇರೆ ಚಿಪ್ ಬರುತ್ತಲ್ಲ, ಪ್ರೊಸೆಸರ್ ಪಕ್ಕದಲ್ಲಿ, ಅದಿದೆಯಾ?"

"ಐತೆ ಮೇಡಮ್ಮೋರೇ."

"ಎರಡನೇ ಡಿಸ್ಕು?"

"ಐತೆ ಐತೆ."

"ಪಕ್ಕದ ಕೋಣೇಲಿ ಪರದೆಗಳಿವೆಯಲ್ಲ, ಆ ಎಂಟು ಟರ್ಮಿನಲ್ಲಿಗೂ ವೈರು ಸಿಕ್ಕಿಸೋ ಲೈನ್ ಕಾರ್ಡು?"

"ಎಲ್ಲಾ ಐತೆ ಕಣ್ರಮ್ಮಾ, ನಮ್ ಸಂಘಕ್ಕೇನು ಕಡಿಮೆ?"

"ಮುಚ್ಚಳ ತೆಗೆದು ಒಂದ್ಸಲ ನೋಡ್ಲಾ?"

"ಅಯ್ಯಯ್ಯೋ, ಪೂಜೆ ಆಗಿರೋ ಮಷೀನು! ದಾರ ಕಿತ್ರೆ ಅಧ್ಯಕ್ಷರು ನನ್ ಚರ್ಮ ಕೀಳ್ತಾರೆ."

ಮೊದಲ ಸಲ ಹೊರಗಿನ ಕೆಲಸಕ್ಕೆ ಬಂದ ಹುಡುಗಿ, ದೊಡ್ಡವರ ಮಾತು ಮೀರಲಿಲ್ಲ. ಅವರು ಐತೆ ಅಂದದ್ದನ್ನೆಲ್ಲ ಇದೆ ಎಂದು ಬರೆದಳು. ಮಷೀನು ಗಂಟೆಗಟ್ಟಲೆ ರಾಗಿ ಬೀಸಿದ ಹಾಗೆ ಗುರುಗುಟ್ಟಿ ಹೊಸ ಕರ್ನಲ್ಲನ್ನು ಕಟ್ಟಿತು. ಆರಿಸಿ ಮತ್ತೆ ಹಚ್ಚಿದಳು. ಪರದೆಯ ಮೇಲೆ ನಾಲ್ಕು ಸಾಲು ಬಂದು, ಗಕ್ಕನೆ ನಿಂತಿತು.

"ಏನಂತೇ?"

"ಪ್ಯಾನಿಕ್ ಅಂತೆ. ಗಾಬರಿಯಾಗಿದೆ ಅಂತ ಅದೇ ಬರ್ಕೊಂಡಿದೆ ಅಜ್ಜಿ."

ನಾನು ಬಹಳ ಮೆಚ್ಚಿದೆ. ಲಕ್ಷಗಟ್ಟಲೆ ಸುರಿದು ತಂದು, ತಣ್ಣನೆ ಗಾಳಿಯಲ್ಲಿ ಕೂರಿಸಿದರೆ ಗಾಬರಿಯಂತೆ. ಬಿಸಿಲಲ್ಲಿ ನಿಂತ ರೈತರು ಗಾಬರಿಯಾಗದೆ ಕಾಯುತ್ತಿದ್ದರು.

ಮರುದಿನ ಒಂದು ಸಾಲು ಆಚೆ ಈಚೆ ಮಾಡಿ ಮತ್ತೆ ಕಟ್ಟಿದಳು. ಮತ್ತೆ ಗಾಬರಿ. ಅದರ ಮರುದಿನವೂ ಅದೇ. ಶುಕ್ರವಾರ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. ಟೈಪಿನ ಮೇಜು ಅವಳ ಕಣ್ಣೆದುರಿಗೇ ಇತ್ತು ಎಂದು ನನಗೆ ಗೊತ್ತಿತ್ತು.

ಮನೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ನಮ್ಮ ಯಜಮಾನರು ಜೀವಮಾನವೆಲ್ಲ ಅಮೃತ ಮಹಲ್ ಹೋರಿಗಳನ್ನು ಪಳಗಿಸಿದವರು, ಎಮ್ಮೆದೊಡ್ಡಿಯ ಹುಲ್ಲಿನ ಕಾವಲಿನಲ್ಲಿ ಯಾವ ಹಸು ಯಾವುದರ ಮಗಳು ಎಂದು ದೂರದಿಂದಲೇ ಹೇಳುವವರು. "ಮಲಗಿದ್ ಎತ್ತು ಏಳ್ದಿದ್ರೆ ಬಾಲ ತಿರುವ್ಬೇಕು ಕಣವ್ವಾ" ಎಂದರು.

"ಅದಕ್ಕೆ ಬಾಲ ಇಲ್ಲ ಅಜ್ಜಯ್ಯಾ, ಬರೀ ವೈರು."

"ಹಂಗಾದ್ರೆ ವೈರು ತಿರುವು."

ಕಡೂರಿನಿಂದ ಅಳಿಯಂದಿರೂ ದಯಮಾಡಿಸಿದ್ದರು, ನನ್ನ ಮಗಳೊಂದಿಗೆ. ಕೊಬ್ಬರಿ ವ್ಯಾಪಾರ ಬಿಟ್ಟು ತಮ್ಮ ಮಗಳಿಗೆ ಸಮಾಧಾನ ಹೇಳಲು ಬಂದರಂತೆ. ಅವಳಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಸಮಾಧಾನ ಶುರುವಾಯಿತು.

"ನಾನು ಆವತ್ತೇ ಬಡ್ಕೊಂಡೆ, ಬಿ.ಎಡ್. ಮಾಡಿಸೋಣ ಅಂತ. ಕರಿಹಲಗೆ ಯಾವತ್ತಾದ್ರೂ ಗಾಬರಿಯಾಗಿದ್ದು ಕೇಳಿದೀರಾ ಅತ್ತೇ?"

"ಮಕ್ಳು ಗಾಬರಿಯಾಗ್ತವೆ ಬಿಡಿ, ನಿಮ್ ವಂಶದ ಮೇಷ್ಟ್ರು ಬಂದ್ರೆ" ಎಂದೆ. "ಕೂತ್ಕಳಿ, ಕಾಫಿ ತತ್ತೀನಿ."

"ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ. ಐತೆ ತಾನೇ?"

"ಐತೆ! ನಮ್ಮನೇಲಿ ಸಕ್ಕರೆಗೇನು?" ಎಂದು ಗಟ್ಟಿಯಾಗಿ ಹೇಳಿ ಒಳಗೆ ಹೋಗಿ, ಖಾಲಿ ಡಬ್ಬಿ ಮುಚ್ಚಿ, ಮೊಮ್ಮಗಳ ಕೈಗೆ ಬಟ್ಟಲು ಕೊಟ್ಟು ಹಿತ್ತಲ ಬಾಗಿಲು ತೋರಿಸಿದೆ. ಇಂಜಿನಿಯರಾದರೇನು, ಪಕ್ಕದ ಮನೆಗೆ ಓಡಲೇಬೇಕು.

ಅವಳು ಹೋಗಲಿಲ್ಲ. ಬಾಗಿಲಲ್ಲೇ ನಿಂತು ಬಟ್ಟಲು ನೋಡಿದಳು, ನನ್ನ ಮುಖ ನೋಡಿದಳು.

"ಅಜ್ಜೀ, ಆ ಸೆಕ್ರೆಟರಿ ಮನೇಲೂ ಹಿತ್ತಲ ಬಾಗಿಲು ಐತೆ ಅನ್ಸುತ್ತೆ."

"ಇದ್ದೇ ಇರುತ್ತೆ. ಹಿತ್ತಲಿಲ್ದಿರೋ ಮನೆ ಯಾವುದೈತೆ? ಮೊದ್ಲು ಸಕ್ಕರೆ ತಾರೇ!"

ನಗುತ್ತ ಓಡಿದಳು. ವಾರವೆಲ್ಲ ನಗದಿದ್ದವಳು. ಅಳಿಯಂದಿರು ಜಾಸ್ತಿ ಸಕ್ಕರೆಯ ಕಾಫಿ ಕುಡಿದು, ಮಗಳು ಕೈತಪ್ಪಿ ಹೋದಳು ಎಂದು ಮತ್ತೊಂದು ಸಲ ಕೊರಗಿದರು.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ತರೀಕೆರೆಗೆ ಹೋದೆವು. ಸೆಕ್ರೆಟರಿಯವರು ಬಾಗಿಲು ತೆಗೆಯುತ್ತಿದ್ದ ಹಾಗೆಯೇ ಇವಳು ಕೇಳಿದಳು. "ಸಾರ್, ಆ ಲೆಕ್ಕದ ಚಿಪ್ಪು ನಿಮ್ ಕಣ್ಣಿಗೆ ಬಿದ್ದಿದೆಯಾ?"

"ಐತೆ ಅಂದ್ನಲ್ಲಮ್ಮಾ."

"ನೋಡಿದೀರಾ ಅಂತ ಕೇಳ್ದೆ."

ಅವರು ಕತ್ತು ಕೆರೆದುಕೊಂಡರು. "ಆರ್ಡರ್ ಕೊಟ್ಟಾಗೈತೆ. ಮುಂದಿನ ತಿಂಗಳು ಬತ್ತದೆ. ಬರೋದು ಬಂದಂಗೇ ಅಲ್ವೇನಮ್ಮಾ? ಒಳ್ಳೆ ಕೆಲ್ಸ ಶುರು ಮಾಡೋ ಹೊತ್ನಲ್ಲಿ ಇಲ್ಲ ಇಲ್ಲ ಅಂತ ಅನ್ನಕ್ಕಾಗುತ್ತಾ?"

"ಎರಡನೇ ಡಿಸ್ಕು?"

"ಅದೂ ಅದರ ಜೊತೇಲೇ ಬತ್ತದೆ."

ಎಂಥ ಸಂಸ್ಕಾರವಂತ ಮನುಷ್ಯ! ನಮ್ಮತ್ತೆ ಕಂಡಿದ್ದರೆ ಮಗಳನ್ನು ಕೊಡುತ್ತಿದ್ದರು. ನಾನೇ ಎದ್ದು ಹೋಗಿ ಕಂಕಣದ ದಾರದ ಗಂಟು ಬಿಚ್ಚಿದೆ. ಕಂಬಳಿ ಹೊದ್ದ ಮುದುಕಿಯನ್ನು ತಡೆಯುವ ಧೈರ್ಯ ಅವರಿಗೆ ಬರಲಿಲ್ಲ. ಮೊಮ್ಮಗಳು ತಿರುಪು ಬಿಚ್ಚಿ ಮುಚ್ಚಳ ಎತ್ತಿದಳು. ಪ್ರೊಸೆಸರು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಇಷ್ಟೆಲ್ಲ ಗಲಾಟೆ ಇದಕ್ಕೇ. ಅದರ ಪಕ್ಕದಲ್ಲಿ ಸಣ್ಣ ಸಣ್ಣ ತೂತುಗಳ ಒಂದು ಮಣೆ. ಮಣೆ ಹಾಕಿತ್ತು, ಕೂರುವವರು ಬಂದಿರಲಿಲ್ಲ. ಲೈನ್ ಕಾರ್ಡು ಇದ್ದದ್ದೂ ಅರ್ಧಕ್ಕೆ ಮಾತ್ರ.

ಕರ್ನಲ್ಲು ಏಳುತ್ತಿದ್ದ ಹಾಗೆಯೇ ಆ ಚಿಪ್ಪಿಗೆ ಲೆಕ್ಕ ಒಪ್ಪಿಸಲು ಹೋಗುತ್ತಿತ್ತಂತೆ. ಅಲ್ಲಿ ಯಾರೂ ಇಲ್ಲದ್ದು ಕಂಡು ಗಾಬರಿ. ಪಾಪದ್ದು, ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡುವ ಬುದ್ಧಿ ಅದಕ್ಕಿಲ್ಲ. ಚಿಪ್ಪು ಇಲ್ಲ ಎಂದು ಮೊದಲೇ ಹೇಳಿದರೆ, ನಿಧಾನವಾದರೂ ಪ್ರೊಸೆಸರಿನ ಕೈಯಲ್ಲೇ ಆ ಲೆಕ್ಕ ಮಾಡಿಸಿಕೊಳ್ಳುತ್ತದಂತೆ. ಹೇಳಬೇಕು, ಅಷ್ಟೆ.

ಅವಳು ಕೂತು ಬರೆದಳು. ಲೆಕ್ಕದ ಚಿಪ್ಪು ಇಲ್ಲ. ಎರಡನೇ ಡಿಸ್ಕು ಇಲ್ಲ. ಇನ್ನರ್ಧ ಲೈನು ಇಲ್ಲ. ಒಂದೊಂದು ಇಲ್ಲಕ್ಕೂ ಸೆಕ್ರೆಟರಿಯವರು ಗೋಡೆಯ ಮೇಲಿನ ದೇವರ ಪಟದ ಕಡೆ ತಿರುಗಿ ಕೆನ್ನೆ ಬಡಿದುಕೊಂಡರು. ನಾನು ಬಡಿದುಕೊಳ್ಳಲಿಲ್ಲ. ಜೀವಮಾನದ ನನ್ನ ಉಪದೇಶವನ್ನು ಹುಡುಗಿ ಸಾಲು ಸಾಲಾಗಿ ಅಳಿಸುತ್ತಿದ್ದಳು, ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ಮಷೀನು ಮಧ್ಯಾಹ್ನದವರೆಗೆ ಬೀಸಿತು. ನಾವು ಬುತ್ತಿ ಬಿಚ್ಚಲಿಲ್ಲ. ಆಮೇಲೆ ಅವಳು ಆರಿಸಿ, ಕಣ್ಣು ಮುಚ್ಚಿ ಹಚ್ಚಿದಳು. ನಾಲ್ಕು ಸಾಲು ಬಂತು. ಗಾಬರಿ ಬರುವ ಜಾಗ ಬಂತು. ಐದನೆಯದೂ ಬಂತು, ಆಮೇಲೆ ಸಾಲು ಸಾಲು ಸುರಿಯಿತು. ಕೊನೆಗೆ ಒಂದು ಪದ ಬರೆದು, ಪಕ್ಕದಲ್ಲಿ ಚುಕ್ಕಿ ಮಿಣುಕಿಸುತ್ತ ಕೂತಿತು.

"ಏನಂತೇ ಇದು?"

"ಯಾರು ನೀನು, ಹೆಸರು ಹೇಳು ಅಂತಿದೆ ಅಜ್ಜೀ!" ಕುರ್ಚಿಯಿಂದ ಎದ್ದು ನನ್ನನ್ನು ಕಂಬಳಿ ಸಮೇತ ಅಪ್ಪಿಕೊಂಡಳು.

ವಾರವೆಲ್ಲ ಎದುರಿಗೆ ಕೂತವಳನ್ನು ಯಾರು ನೀನು ಎಂದು ಕೇಳಿತಲ್ಲ, ಅದರ ಗತ್ತಿಗೆ ನಾನು ಕಣ್ಣು ಒರೆಸಿಕೊಂಡೆ. ಪಕ್ಕದ ಕೋಣೆಯಲ್ಲಿ ನಾಲ್ಕು ಟರ್ಮಿನಲ್ಲುಗಳು ಒಂದೊಂದಾಗಿ ಹೆಸರು ಕೇಳತೊಡಗಿದವು. ಸೆಕ್ರೆಟರಿಯವರು, "ನಾನ್ ಹೇಳ್ಳಿಲ್ವೇ, ಎಲ್ಲಾ ಐತೆ ಅಂತ!" ಎಂದರು.

ಸಂಘದ ಫೋನಿನಿಂದಲೇ ಮ್ಯಾನೇಜರಿಗೆ ಟ್ರಂಕ್ ಕಾಲ್ ಹೋಯಿತು. ನೀನೇ ಮಾಡಿದೆಯಾ, ಜೊತೆಗೆ ಯಾರಾದರೂ ಇದ್ದರಾ ಎಂದು ಕೇಳಿದರಂತೆ. "ನಮ್ಮಜ್ಜಿ ಇದ್ರು ಸಾರ್" ಎಂದಳು. ಆಮೇಲೆ, ಇಂಥದ್ದೇ ಪ್ರೊಸೆಸರಿನ ಇನ್ನೊಂದು ಮಷೀನು ದಾವಣಗೆರೆಗೆ ಬರುತ್ತಿದೆ, ನೀನೇ ಹೋಗು, ಟೈಪಿಗೆ ಬೇರೆಯವರನ್ನು ನೋಡುತ್ತೇನೆ ಎಂದರಂತೆ. ದಾವಣಗೆರೆಯಲ್ಲೂ ಅಜ್ಜಿಯೊಬ್ಬಳು ಇರಬಹುದೇ ಎಂದೂ ವಿಚಾರಿಸಿದರಂತೆ.

ಸಂಜೆ ಅಜ್ಜಂಪುರದ ಮನೆಯಲ್ಲಿ ಮಗಳು ಶಾವಿಗೆಗೆ ಇಟ್ಟಿದ್ದಳು. ಯಜಮಾನರು ಶಾವಿಗೆ ಒರಳಿನ ಮೇಲೆ ಭಾರ ಬಿಟ್ಟು ಒತ್ತುತ್ತ, "ವೈರು ತಿರುವಿದ್ಲು, ಎದ್ತು. ನಾನ್ ಅವತ್ತೇ ಹೇಳಿದ್ದೆ" ಎಂದರು. ಅಳಿಯಂದಿರು ಬಾಗಿಲಿಗೆ ಬಂದವರಿಗೆಲ್ಲ, ಮಗಳಿಗೆ ಇಂಜಿನಿಯರಿಂಗೇ ಆಗಬೇಕು ಎಂದು ಹಟ ಹಿಡಿದು ಓದಿಸಿದ ತಮ್ಮ ಕಥೆ ಹೇಳುತ್ತಿದ್ದರು. ಆ ಹಟವನ್ನು ನಾವ್ಯಾರೂ ಕಂಡಿರಲಿಲ್ಲ. ಅವತ್ತಿನ ಸಂತೋಷದಲ್ಲಿ ಅದೂ ಇದ್ದಿರಬಹುದು ಎಂದು ಬಿಟ್ಟೆ.

ಎಲ್ಲರೂ ಸಾಲಾಗಿ ಕೂತೆವು. ಬಿಸಿ ಶಾವಿಗೆ, ಮೇಲೆ ಬೆಲ್ಲ ಏಲಕ್ಕಿಯ ಕಾಯಿಹಾಲು. ಅಳಿಯಂದಿರು ಮೂರನೆಯ ಸಲ ತಟ್ಟೆ ಮುಂದೆ ಮಾಡಿ, "ಕಾಯಿಹಾಲು ಇನ್ನೂ ಐತಾ ಅತ್ತೇ?" ಎಂದರು.

"ಇಲ್ಲ" ಎಂದೆ.

ಯಜಮಾನರ ಕೈ ಬಾಯಿಯ ಹತ್ತಿರವೇ ನಿಂತಿತು. ಮೊಮ್ಮಗಳಿಗೆ ನಗು ಬಂದು ಶಾವಿಗೆ ನೆತ್ತಿಗೇರಿತು. ಮಗಳು ಅವಳ ಬೆನ್ನು ತಟ್ಟಿದಳು. ಆಮೇಲೆ ಮೊಮ್ಮಗಳೇ ತನ್ನ ಬಟ್ಟಲಲ್ಲಿದ್ದ ಕಾಯಿಹಾಲಿನಲ್ಲಿ ಅರ್ಧವನ್ನು ಅಪ್ಪನ ತಟ್ಟೆಗೆ ಸುರಿದಳು, ಅವರು ಕಲಸಿಕೊಂಡರು, ನಾವೆಲ್ಲ ಉಂಡೆವು.