ಪ್ರಥಮ ಮಹಿಳೆಯ ಹಪ್ಪಳ

ಮೊನ್ನೆ ಘಾಜಿಯಾಬಾದಿನ ಒಂದು ಮದುವೆಯೂಟದಲ್ಲಿ ಬಡಿಸುವವನು ನನ್ನ ತಟ್ಟೆ ಎತ್ತಲು ಬಂದ. ಅದರಲ್ಲಿ ಉಳಿದದ್ದು ಒಂದು ಚೂರು ಹಪ್ಪಳ. "ರಹನೇ ದೋ ಭಯ್ಯಾ" ಎಂದು ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಮ್ಮವರು ತಲೆ ತಗ್ಗಿಸಿದರು. ಅವರಿಗೇನು ಗೊತ್ತು, ಆ ಚೂರಿನ ಹಿಂದೆ ಒಬ್ಬ ಮಾಜಿ ಪ್ರಥಮ ಮಹಿಳೆ ಇದ್ದಾರೆಂದು!

ನಾನು ಹುಟ್ಟು ಅನುಮಾನದವಳು, ಮೊದಲೇ ಹೇಳಿಬಿಡುತ್ತೇನೆ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವವಳು. ದೇವರ ಪ್ರಸಾದವನ್ನೂ ಮೂಸಿ ಬಾಯಿಗೆ ಹಾಕಿಕೊಳ್ಳುವವಳು. ಎರಡು ಸಾವಿರದ ಐದರ ಆಸುಪಾಸಿನಲ್ಲಿ, ನಾವು ರಾಜಧಾನಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗ, ಇಂಥ ನನ್ನನ್ನೇ ಹಿಡಿದು ಕನ್ನಡ ಮಹಿಳಾ ಸಂಘದ ಕಾರ್ಯದರ್ಶಿ ಮಾಡಿದ್ದರು. ಆ ಸಲದ ಸಂಕ್ರಾಂತಿ ಕೂಟಕ್ಕೆ ಮುಖ್ಯ ಅತಿಥಿ ಸುಭದ್ರಮ್ಮನವರು. ತೀರಿಹೋದ ಅವರ ಯಜಮಾನರು ದೂರದ ಯಾವುದೋ ಪುಟ್ಟ ರಾಜ್ಯದ ರಾಜ್ಯಪಾಲರಾಗಿದ್ದರಂತೆ. ಇವರು ಅಲ್ಲಿಯ ಪ್ರಥಮ ಮಹಿಳೆಯಂತೆ. ಈ ಅಂತೆಕಂತೆಗಳು ನನ್ನ ನಿದ್ದೆ ಕೆಡಿಸಿದವು. ನೀವೇ ಹೇಳಿ, ರಾಜಭವನದಲ್ಲಿದ್ದವರು ಕಿದ್ವಾಯಿ ನಗರದ ಮಗಳ ಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂರುವುದುಂಟೇ? ನಾಳೆ ಸುಳ್ಳೆಂದಾದರೆ, ಪರಿಚಯ ಭಾಷಣ ಮಾಡಿದ ನನ್ನ ಮಾನ ಹರಾಜು.

ಭಾಷಣಕ್ಕೆ ವಿವರ ಬೇಕೆಂಬ ನೆಪ ಹೂಡಿ ಹೋದೆ. ಮೊದಲು ಫೋಟೊ ಕೇಳಿದೆ.

"ಇದ್ವಮ್ಮ, ಮನೆ ಬದಲಾಯಿಸೋವಾಗ ಎಲ್ಲೋ ಸೇರ್ಕೊಂಡ್ವು."

"ಅಚ್ಛಾ. ಮತ್ತೆ ಸಾಧನೆ ಅಂತ ಏನು ಹೇಳ್ಲಿ?"

"ಅಲ್ಲಿನ ಮಾಲಿಗಳ ಹೆಂಡತಿಯರಿಗೆ ಹೊಲಿಗೆ, ಓದು ಕಲಿಸಿದೆ. ಅದನ್ನೆಲ್ಲ ಯಾರಾದ್ರೂ ಮಾಡ್ತಾರೆ ಬಿಡಿ. ನನ್ನ ಕಾಲದಲ್ಲಿ, ಮೊದಲನೇ ದಿನ ಒಂದು ಬಿಟ್ರೆ, ಅತಿಥಿಗಳು ಯಾರೂ ಅರ್ಧ ಊಟದಲ್ಲಿ ಏಳಲಿಲ್ಲ. ಬೇಕಾದ್ರೆ ಅದನ್ನ ಹೇಳಿ."

ಇದೂ ಒಂದು ಸಾಧನೆಯೇ? ಅಲ್ಲಿಯ ಅಡುಗೆಯವನ ಹೆಂಡತಿಯೇ ಇರಬೇಕು ಎಂದುಕೊಳ್ಳುತ್ತ ಬಸ್ ಹತ್ತಿದೆ.

ಕೂಟದ ದಿನ ಊಟದ ಮೇಜಿನಲ್ಲಿ ನಮ್ಮತ್ತೆ ಸುಭದ್ರಮ್ಮನವರ ಎದುರಿಗೇ ಕೂತಿದ್ದರು. ಅತ್ತೆಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದು ಬಹಳ ನಿಧಾನ. ಉಳಿದವರು ಎದ್ದ ಮೇಲೆ ಒಬ್ಬರೇ ಉಣ್ಣಲು ನಾಚಿ, ಎಲ್ಲಿ ಹೋದರೂ "ಸಾಕು" ಎಂದು ಅರ್ಧಕ್ಕೇ ಎದ್ದುಬಿಡುವರು. ಮನೆಗೆ ಬಂದು ನಾನು ಮತ್ತೆ ಅನ್ನ ಕಲಸಬೇಕಾಗುತ್ತಿತ್ತು.

ಸುಭದ್ರಮ್ಮನವರ ಊಟ ಆಗಲೇ ಮುಗಿದಿತ್ತು. ಆದರೂ ಒಂದು ಚೂರು ಹಪ್ಪಳ ಉಳಿಸಿಕೊಂಡು, ಅದನ್ನು ಮುಟ್ಟುವುದು, ಮುರಿಯುವುದು, ಸಾಸಿವೆಯಷ್ಟು ಬಾಯಿಗಿಡುವುದು. ಮುಖ್ಯ ಅತಿಥಿ ಕೂತಿರುವಾಗ ಬೇರೆಯವರು ಏಳುವಂತಿಲ್ಲ. ಎಷ್ಟು ದಿನದ ಹಸಿವೋ ಎಂದು ನನ್ನ ಅನುಮಾನ ಇನ್ನೊಂದು ಮೆಟ್ಟಿಲು ಹತ್ತಿತು. ಬಗ್ಗಿ ಕೇಳಿದೆ, "ಇನ್ನೊಂದು ಹಪ್ಪಳ ಹಾಕಿಸ್ಲಾಮ್ಮ?"

"ಬೇಡಮ್ಮ" ಎಂದು ಪಿಸುಗುಟ್ಟಿದರು. "ರಾಜಭವನದಲ್ಲಿ ನಾನು ಊಟ ಮುಗಿಸಿದ ಕೂಡ್ಲೇ ಎಲ್ಲರ ತಟ್ಟೇನೂ ಎತ್ತಿಬಿಡೋರು. ಮೊದಲನೇ ದಿನ ಗೊತ್ತಾಗ್ದೆ, ಪಾಪ, ಎಷ್ಟೋ ಜನ ಹಸ್ಕೊಂಡೇ ಎದ್ರು. ಆವತ್ತಿಂದ ಇದೇ ಅಭ್ಯಾಸ. ಅವರದು ಇನ್ನೂ ಮೊಸರನ್ನ ಇದೆ ನೋಡಿ."

ಅತ್ತೆ ಮೊಸರನ್ನ ಪೂರ್ತಿ ಮುಗಿಸಿ ತಲೆಯೆತ್ತಿದರು. ಸುಭದ್ರಮ್ಮ ಕೊನೆಯ ಚೂರನ್ನು ಬಾಯಿಗೆ ಹಾಕಿಕೊಂಡು ಎದ್ದರು. ಆ ದಿನ ಮನೆಯಲ್ಲಿ ಅನ್ನ ಕಲಸಲು ಹೋದರೆ, "ಹೊಟ್ಟೆ ತುಂಬಿದೆ ಕಣೇ" ಎಂದರು ಅತ್ತೆ.

ಫೋಟೊ ಕೊನೆಗೂ ಸಿಗಲಿಲ್ಲ. ಅಡುಗೆಯವನ ಹೆಂಡತಿಗೂ ಇಷ್ಟೆಲ್ಲ ಗೊತ್ತಿರಬಹುದಲ್ಲ ಎಂದು ನನ್ನ ಹಾಳು ಮನಸ್ಸು ಈಗಲೂ ಒಮ್ಮೊಮ್ಮೆ ಕೇಳುತ್ತದೆ. ಕೇಳಿಕೊಳ್ಳಲಿ.

"ಚಲೋ, ಏಳು, ಒಂದು ಚೂರು ಹಪ್ಪಳಕ್ಕೆ ಎಷ್ಟು ಹೊತ್ತು ಕೂರ್ತೀಯ?" ನಮ್ಮವರು ಮೊನ್ನೆ ಗೊಣಗಿದರು. ಮೇಜಿನ ಆ ತುದಿಯಲ್ಲಿ ಯಾರೋ ಒಬ್ಬ ಅಜ್ಜಿ ಕಟ್ಟಿಸಿದ ಹಲ್ಲಿನಲ್ಲಿ ಇನ್ನೂ ಪೂರಿ ಅಗಿಯುತ್ತಿದ್ದರು. ಯಾರ ಕಡೆಯವರೋ, ಕರೆದದ್ದಕ್ಕೆ ಬಂದವರೋ, ಕರೆಯದೆ ಬಂದವರೋ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ಹಪ್ಪಳವನ್ನು ಇನ್ನೊಂದು ಚೂರು ಮುರಿದೆ.